ಊಟಕ್ಕ ಬರ್ರಿ

ಗೋವಿಂದಪ್ಪನಿಗೆ ಒಂದು ಚಟ. ಯಾರ ಜೊತೆ ಮಾತು ಮುಗಿಸಿದರೂ "ಒಮ್ಮೆ ಮನಿಗೆ ಊಟಕ್ಕ ಬರ್ರಿ" ಎನ್ನದೆ ಬಿಡುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಇದು ಎಲ್ಲರ ಚಟವೇ ಅನ್ನಿ. ಎದುರಿನವರು "ಆತ್ರಿ, ಬರೋಣಂತ" ಅಂತಾರೆ, ಯಾರೂ ಬರುವುದಿಲ್ಲ. ಬಂದರೆ ಏನು ಗತಿ ಅಂತ ಯಾರೂ ಯೋಚಿಸಿದವರಲ್ಲ.

ದುರ್ಗದಬೈಲಿನಲ್ಲಿ ಅವನದು ಸ್ಟೀಲ್ ಪಾತ್ರೆಯ ಅಂಗಡಿ, ಬೈರಿದೇವರಕೊಪ್ಪದಲ್ಲಿ ಮನೆ. ಮನೆಯ ನಳಕ್ಕೆ ವಾರಕ್ಕೊಮ್ಮೆ ನೀರು, ಅದೂ ನಳಕ್ಕೆ ಮನಸ್ಸು ಬಂದರೆ. ಹೆಂಡತಿ ಕಸ್ತೂರೆವ್ವ ದೂರದ ಬೋರಿನಿಂದ ಕೊಡ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದಳು. ಅದನ್ನು ನೋಡಲಾರದೆ ಆತ ಕಾರ್ಪೊರೇಶನ್ ಇಲೆಕ್ಷನ್ನಿಗೆ ನಿಂತಿದ್ದ. ಹಿಂದೊಮ್ಮೆ ನಿಂತು ಡಿಪಾಜಿಟ್ ಕಳೆದುಕೊಂಡವನು. "ಈ ಸಲಾನೂ ಸೋತ್ರ ಮತ್ತ ನಿಲ್ಲಬ್ಯಾಡ್ರಿ. ಮಂದಿ ನಕ್ಕಿದ್ದು ಸಾಕು" ಎಂದು ಕಸ್ತೂರೆವ್ವ ಆಣೆ ಮಾಡಿಸಿಕೊಂಡಿದ್ದಳು.

"ಕಾಕಾ, ಈಗ ಮಂದಿ ಕಟ್ಟಿ ಮ್ಯಾಲೆ ಕೂಡೂದಿಲ್ಲ. ಎಲ್ಲಾರೂ ಆರ್ಕುಟ್‌ನ್ಯಾಗ ಅದಾರ" ಅಂದಳು ಹುಮಾ. ನೆರೆಮನೆಯ ರೆಹಮತ್‌ಬಿಯ ಮಗಳು, ಅವನ ಅಂಗಡಿಯ ಎದುರೇ ಇಂಟರ್ನೆಟ್ ಸೆಂಟರ್ ನೋಡಿಕೊಳ್ಳುತ್ತಿದ್ದಳು. ಗೋವಿಂದಪ್ಪನ ಹೆಸರಲ್ಲಿ ಆ ಜಾಲತಾಣದಲ್ಲಿ ಅವಳೊಂದು ಬಳಗ ತೆರೆದದ್ದೇ ತಡ, ಮಂದಿ ಮುಗಿಬಿದ್ದರು. ಗಟಾರ ಯಾವಾಗ ಮುಚ್ಚಸ್ತೀರಿ, ಬೀದಿದೀಪ ಯಾವಾಗ ಹಾಕಸ್ತೀರಿ ಎಂದು ಪ್ರಶ್ನೆಗಳು. ಗೋವಿಂದಪ್ಪ ಬಾಯಿಂದ ಹೇಳುವನು, ಹುಮಾ ಕೀಲಿ ಒತ್ತುವಳು. ಪ್ರತಿ ಉತ್ತರದ ಬಾಲಕ್ಕೂ ಅದೇ ಚಟದ ಮಾತು. ಒಬ್ಬ ಹಟಮಾರಿ "ಯಾವತ್ತು ಬರ್ಲಿ, ಮನಿ ಎಲ್ಲಿ" ಎಂದು ಎಲ್ಲರೆದುರು ಕೇಳಿದ. "ಈ ರವಿವಾರ ಬರ್ರಿ, ಬೈರಿದೇವರಕೊಪ್ಪದ ಬಸ್‌ಸ್ಟಾಪಿನ ಹಿಂದ" ಎಂದು ಬರೆಸಿ ಗೋವಿಂದಪ್ಪ ಮರೆತೇಬಿಟ್ಟ.

ರವಿವಾರ ಪ್ರಚಾರಕ್ಕೆಂದು ಚಪ್ಪಲಿ ಮೆಟ್ಟುವಾಗ ಬಾಗಿಲಲ್ಲಿ ಒಬ್ಬ ತರುಣ ನಿಂತಿದ್ದ.

"ಯಾರು ಬೇಕಾಗಿತ್ತು ತಮ್ಮಾ?"

"ಊಟಕ್ಕ ಬರ್ರಿ ಅಂದಿದ್ರಲ್ರಿ, ಆರ್ಕುಟ್‌ನ್ಯಾಗ."

ಅವನ ಹಿಂದೆ ಇಬ್ಬರು, ಅವರ ಹಿಂದೆ ಆಟೋ ತುಂಬ ಮಂದಿ. ಹೊತ್ತು ನೆತ್ತಿಗೇರುವಷ್ಟರಲ್ಲಿ ಅಂಗಳ ತುಂಬಿ ರೆಹಮತ್‌ಬಿಯ ಕಟ್ಟೆಯೂ ಭರ್ತಿಯಾಯಿತು. ಕಸ್ತೂರೆವ್ವ ಗಂಡನನ್ನು ಅಡುಗೆಮನೆಗೆ ಎಳೆದಳು.

"ಬಾಯಿಲೆ ಕರದ್ರ ಬಾಯಾಗ ಉಳೀತದ. ಬರದು ಕರದ್ರ ಬರೂದಿಲ್ಲೇನು ಮಂದಿ?"

"ಎಲ್ಲಾ ಓಟ್ ಅದಾವ. ಉಪಾಸ ಕಳಸಾಕ ಆಗ್ತದೇನು?"

"ಹಂಗಾರ ಅಂಗಡ್ಯಾಗಿನ ಗಂಗಾಳ ತರ್ರಿ."

ಮಾರಲಿಟ್ಟ ಊಟದ ಗಂಗಾಳ, ಬಟ್ಟಲು ಎಲ್ಲ ಟೆಂಪೋ ಏರಿ ಬಂದವು. ರೆಹಮತ್‌ಬಿ ದೊಡ್ಡ ಡೇಗಿನಲ್ಲಿ ಅನ್ನಕ್ಕಿಟ್ಟಳು. ಎದುರುಮನೆಯ ದೇವಕ್ಕ ಒಂದು ಬುಟ್ಟಿ ರೊಟ್ಟಿ ಕೊಟ್ಟು, ಅದಕ್ಕೆ ಬದಲಾಗಿ ಕಸ್ತೂರೆವ್ವ ಮಾಡಿದ ಕಡಲೆಹಿಟ್ಟಿನ ಝುಣಕಕ್ಕೆ ಉಪ್ಪು ಕಮ್ಮಿ ಎಂದು ಮೂರು ಸಲ ಹೇಳಿದಳು.

ಊಟದ ನಡುವೆ ವಾರಕ್ಕೆಂದು ತುಂಬಿಟ್ಟ ನೀರೆಲ್ಲ ತಳ ಕಂಡಿತು. ಕೈಗೆ ಮೆತ್ತಿದ ಝುಣಕ ಒಣಗತೊಡಗಿತು. ಗೋವಿಂದಪ್ಪ ತಲೆ ಓಡಿಸಿ ಅಂಗಡಿಯ ಹೊಸ ಕೊಡಗಳನ್ನೂ ತರಿಸಿ ಅತಿಥಿಗಳ ಕೈಗೇ ಕೊಟ್ಟ. ಹುಮಾ ಮುಂದೆ, ಹಿಂದೆ ಥಳಥಳ ಹೊಳೆಯುವ ಕೊಡ ಹೊತ್ತ ಉದ್ದನೆಯ ಮೆರವಣಿಗೆ, ಬೋರಿನ ತನಕ. ಜೀಪಿನಲ್ಲಿ ಹೊರಟಿದ್ದ ಹಾಲಿ ಮೆಂಬರ ಬೀರಲಿಂಗಪ್ಪ ಅದನ್ನು ನೋಡಿ ಜೀಪು ನಿಲ್ಲಿಸಿದ. ಅವನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

ಗೋವಿಂದಪ್ಪನ ಎದೆ ಉಬ್ಬಿತು. ಕೈತೊಳೆದು ಹೊರಟ ತರುಣನ ಹೆಗಲ ಮೇಲೆ ಕೈಯಿಟ್ಟು, "ಓಟಿಗೆ ಲಗೂನ ಬಾರಪಾ" ಅಂದ.

"ಓಟೇನ್ರಿ? ನಮ್ದು ಗಬ್ಬೂರ."

"ನಾ ಗದಗಿನಾಂವ್ರಿ" ಎಂದ ಇನ್ನೊಬ್ಬ. ಮತ್ತೊಬ್ಬನಿಗೆ ಇನ್ನೂ ಮೀಸೆಯೇ ಮೂಡಿರಲಿಲ್ಲ. ಕೇಳುತ್ತ ಹೋದರೆ ಈ ವಾರ್ಡಿನ ಓಟು ಒಂದೂ ಇಲ್ಲ. ಗೋವಿಂದಪ್ಪ ಬೋರಲು ಹಾಕಿದ ಕೊಡದ ಮೇಲೆ ಕುಸಿದ.

"ಮತ್ತ ಗಟಾರ, ದೀಪ ಅಂತ ಯಾಕ ಕೇಳಿದ್ರೋ?"

"ನಮ್ಮ ಓಣ್ಯಾಗ ಕೇಳಿದ್ರ ಯಾರೂ ಉತ್ರಾ ಕೊಡೂದಿಲ್ರಿ. ನೀವು ಕೊಟ್ರಿ. ಖರೇನ ಛಲೋ ಅನಿಸ್ತು" ಅಂದ ಗಬ್ಬೂರಿನವ, ಉಳಿದ ಕೊಡದ ನೀರನ್ನು ಅಂಗಳದ ಬ್ಯಾರಲ್ಲಿಗೆ ಸುರಿಯುತ್ತ.

ಮರುದಿನ ನಸುಕಿನಲ್ಲೇ ನಳ ಗೊರಗೊರ ಅಂದಿತು. ಪಾಳಿಯ ದಿನವಲ್ಲ, ಆದರೂ ನೀರು ಬಂತು. ಅದರ ಮರುದಿನವೂ ಬಂತು. ಬೀರಲಿಂಗಪ್ಪ ಯಾರ ಕಿವಿಯಲ್ಲಿ ಏನು ಊದಿದನೋ, ಓಣಿಯೆಲ್ಲ ಅವನ ಹೆಸರು ಹೇಳಿ ಕೊಡ ತುಂಬಿಕೊಂಡಿತು, ಹಾಗೇ ಓಟೂ ಹಾಕಿತು. ಗೋವಿಂದಪ್ಪನ ಡಿಪಾಜಿಟ್ ಮತ್ತೆ ಹೋಯಿತು.

ಎಣಿಕೆ ಮುಗಿದ ಸಂಜೆ ಕಸ್ತೂರೆವ್ವ ಚಹಾ ತಂದಿಟ್ಟಳು.

"ಆಣಿ ನೆನಪೈತಿ" ಅಂದ ಗೋವಿಂದಪ್ಪ ನೆಲ ನೋಡುತ್ತ. "ಇನ್ನ ನಿಲ್ಲೂದಿಲ್ಲ ತಗೋ."

"ಆಣಿ ವಾಪಸ್ ತಗೊಂಡೇನಿ. ಮುಂದಿನ ಸಲ ನಿಲ್ಲಬೇಕು. ಆರ್ಕುಟ್‌ನ್ಯಾಗ ಈಗಿಂದನ ಕರೀರಿ, ರೊಟ್ಟಿ ನಾ ಬಡೀತೇನಿ. ನಿಮ್ಮ ಮಂದಿ ನೋಡಿ ಅಂವ ಅಂಜಿದ್ದಕ್ಕ ನೀರು ಬಂತು."

ಗೋವಿಂದಪ್ಪ ತಲೆಯೆತ್ತಿದ. "ಊರು ಬಿಡು. ನೀನರ ನನಗ ಓಟ್ ಹಾಕಿದಿ, ಅಷ್ಟ ಸಾಕು."

ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು. "ಅವಂಗ ಅಂಜಿಕಿ ಹಾಕಾಕ ನೀವ ಬೇಕ್ರಿ. ನೀರು ಬಿಡಸಾಕ ಅಂವ ಬೇಕು."

ಅಷ್ಟರಲ್ಲಿ ನಳ ಗೊರಗೊರ ಅಂದಿತು. "ಲಗೂ ಏಳ್ರಿ, ಕೊಡಾ ಹಿಡೀರಿ" ಎಂದಳು. ಗೋವಿಂದಪ್ಪ ಎದ್ದು ಕೊಡ ಹಿಡಿದ.