ಕರಗಿಹೋದ ಹನ್ನೆರಡು ಮೀಟರ್

ಹಿಮಾಲಯದ ಶ್ವೇತಾಂಬರಿ ಹಿಮಕ್ರೀಡಾ ರೆಸಾರ್ಟಿನ ವ್ಯವಸ್ಥಾಪಕರಾದ ಮಾನ್ಯರೇ,

ಸಿಂದಗಿ ತಾಲೂಕಿನ ಯಂಕಂಚಿಯಿಂದ, ಮಾರ್ಚಿ ಮುಗಿಯುವ ಮೊದಲೇ ನಲವತ್ತು ಮುಟ್ಟಿದ ಬಿಸಿಲಿನಲ್ಲಿ ಕುಳಿತು, ನಿವೃತ್ತ ಶಾಲಾ ಮಾಸ್ತರ ಮಾಳಿಂಗರಾಯನು ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಸಿಬ್ಬಂದಿಯೂ, ಉಳಿದಿದ್ದರೆ ತಮ್ಮ ಹಿಮವೂ ಕ್ಷೇಮವೆಂದು ನಂಬಿದ್ದೇನೆ. ತಾವು ಕನ್ನಡದವರೇ ಎಂದು ಮೊದಲ ದಿನವೇ ತಿಳಿದು ನಮಗೆಲ್ಲ ಬಹಳ ಸಂತೋಷವಾಗಿತ್ತು. ಆ ಸಂತೋಷ ಮೂರು ದಿನ ಬಾಳಿಕೆ ಬಂತು.

ನನ್ನ ಮಗಳು ಕಾವೇರಿ ತಮ್ಮಲ್ಲಿ ಐದು ದಿನಗಳ ಸ್ಕೀಯಿಂಗ್ ತರಬೇತಿಗೆ ಸೇರಿದ್ದು ಮೋಜಿಗಲ್ಲ. ಕೊನೆಯ ದಿನ ಐವತ್ತು ಮೀಟರ್ ಇಳಿಜಾರನ್ನು ಬೀಳದೆ ಇಳಿದವರಿಗೆ ತಾವು ಕೊಡುವ ಪ್ರಮಾಣಪತ್ರವಿದ್ದರೆ ಮಾತ್ರ ಅವಳು ಪರ್ವತ ರಕ್ಷಣಾ ದಳದ ತರಬೇತಿಗೆ ಅರ್ಜಿ ಹಾಕಬಹುದು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ವರ್ಷ, ಅರ್ಜಿಗೆ ಕೊನೆಯ ದಿನ ಈ ತಿಂಗಳ ಮೂವತ್ತು. ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಕೊಂಡು ತೊಗರಿ ಹೊಟ್ಟಿನ ರಾಶಿಯ ಮೇಲಿಂದ ಎರಡು ಸುಗ್ಗಿ ಜಾರಿ ಜಾರಿ ಕಲಿತ ಹುಡುಗಿ ಅವಳು. ನೋಡಿ ನಕ್ಕವರಲ್ಲಿ ನಾನೂ ಒಬ್ಬ.

ಅಷ್ಟು ದೂರ ಅವಳೊಬ್ಬಳನ್ನೇ ಕಳುಹಿಸುವ ಮಾತು ನನ್ನ ಅಕ್ಕ ತಿಪ್ಪವ್ವನ ಮುಂದೆ ನಡೆಯಲಿಲ್ಲವಾದ್ದರಿಂದ ಮನೆಯ ಐದೂ ಜನ ಹೊರಟೆವು. ಕುರಿ ಕಾಯುವ ಮನೆತನದವರಾದ ನಾವು ಚಳಿಗೆ ಹೆದರಿ ತಲೆಗೊಂದು ಕರಿಕಂಬಳಿ ಒಯ್ದಿದ್ದೆವು. ಅಲ್ಲಿ ನೋಡಿದರೆ ಇಡೀ ಬೆಟ್ಟ ಒಣಹುಲ್ಲಿನಿಂದ ಕಂಗೊಳಿಸುತ್ತಿತ್ತು, ನಡುವೆ ಧೋತರ ಒಣಹಾಕಿದಷ್ಟು ಅಗಲದ ಒಂದು ಬಿಳಿ ಪಟ್ಟಿ. ಆದರೂ ತಾವು ಪ್ರತಿ ಬೆಳಿಗ್ಗೆ ಕಚೇರಿಯ ಮುಂದಿನ ಹಲಗೆಯ ಮೇಲೆ ‘ಇಂದಿನ ಹಿಮ: ವಸಂತದ ಮೃದು ಹಿಮ, ಅತ್ಯುತ್ತಮ’ ಎಂದು ದುಂಡಗೆ ಬರೆಯುತ್ತಿದ್ದಿರಿ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ನನಗೆ ಅಂಥ ಧೈರ್ಯ ಒಮ್ಮೆಯೂ ಬಂದಿರಲಿಲ್ಲ.

ಪಟ್ಟಿಯ ಮೇಲ್ಭಾಗಕ್ಕೆ ದೇವದಾರು ಮರಗಳ ನೆರಳಿತ್ತು. ಕೆಳಗಿನ ಹನ್ನೆರಡು ಮೀಟರ್ ಮಾತ್ರ ಬಟ್ಟಬಯಲಿನಲ್ಲಿದ್ದು ಕಣ್ಣೆದುರೇ ಕರಗುತ್ತಿತ್ತು. ಎರಡನೆಯ ದಿನ ಪಾಠ ಮುಗಿದೊಡನೆ ತಿಪ್ಪವ್ವ ಐದೂ ಕಂಬಳಿಗಳನ್ನು ಅದರ ಮೇಲೆ ಸಾಲಾಗಿ ಹಾಸಿ ಅಂಚಿಗೆ ಕಲ್ಲು ಹೇರಿದಳು. ಕಂಬಳಿ ಹೊದಿಸಿದರೆ ಕಾವು ಹೆಚ್ಚುತ್ತದೆಂದು ನಾನು ವಿಜ್ಞಾನ ಹೇಳಹೋದೆ. “ಚಳಿ ತಡಿಯೂದು ಬಿಸಲ ತಡಿಯೂದಿಲ್ಲೇನೋ ತಮ್ಮಾ? ಮಟಮಟ ಮಧ್ಯಾನ್ಹ ಕುರಿ ಕಾಯವ್ರು ಕಂಬಳಿ ಯಾಕ ಹೊತ್ಕೊಂಡಿರ್ತಾರ?” ಎಂದು ಕೇಳಿದಳು. ಮರುದಿನ ಎತ್ತಿ ನೋಡಿದರೆ ಕೆಳಗೆ ಗೇಣು ದಪ್ಪ ಹಿಮ ಗಟ್ಟಿಯಾಗಿ ಕೂತಿತ್ತು. ಅಂದು ಪಾಠ ಮುಗಿದ ಮೇಲೆ ಕಂಬಳಿ ಹಾಸಿ ಕಲ್ಲು ಹೇರಿದವನು ನಾನೇ.

ನಾಲ್ಕನೆಯ ದಿನ ತಾವೇ ಖುದ್ದಾಗಿ ದಯಮಾಡಿಸಿ, ಅತಿಥಿಗಳ ಫೋಟೋಗಳಲ್ಲಿ ಕಪ್ಪು ಕಾಣುತ್ತಿದೆ, ರೆಸಾರ್ಟಿನ ಶೋಭೆಗೆ ಕುಂದು ಎಂದು ಅಪ್ಪಣೆ ಮಾಡಿ, ಕಂಬಳಿಗಳನ್ನು ತೆಗೆಸಿ ನಮ್ಮ ಕೋಣೆಗೆ ಕಳುಹಿಸಿದಿರಿ. ಮಡಿಕೆ ಬಹಳ ನೀಟಾಗಿತ್ತು, ಅದಕ್ಕಾಗಿ ಧನ್ಯವಾದ. ಅಂದು ಸಂಜೆಯ ಹೊತ್ತಿಗೆ ಆ ಹನ್ನೆರಡು ಮೀಟರಿನಲ್ಲಿ ಹಿಮವಿರಲಿಲ್ಲ, ಕೆಸರಿತ್ತು.

ಐದನೆಯ ದಿನ ಕಾವೇರಿ ಮೂವತ್ತೆಂಟು ಮೀಟರ್ ಹಿಮವನ್ನು ಸಲೀಸಾಗಿ ಇಳಿದು ಕೆಸರಿಗೆ ಬಂದಳು, ನಿಲ್ಲಲಿಲ್ಲ. ಎರೆಹೊಲದ ಅಂಟು ಕೆಸರಿನಲ್ಲಿ ನಡೆದು ಬೆಳೆದವಳಾದ್ದರಿಂದ ಕಾಲೆತ್ತದೆ, ಕಾಲಿನ ಸ್ಕೀ ಹಲಗೆಗಳನ್ನು ಮುಂದಕ್ಕೆ ತಳ್ಳುತ್ತ, ಹನ್ನೆರಡು ಮೀಟರನ್ನೂ ದಾಟಿ ಕೊನೆಯ ಬಾವುಟ ಮುಟ್ಟಿದಳು, ಬೀಳಲಿಲ್ಲ. ತಾವು ‘ನಿಗದಿತ ದೂರವನ್ನು ಹಿಮದ ಮೇಲೆ ಕ್ರಮಿಸಿಲ್ಲ, ಅನುತ್ತೀರ್ಣ’ ಎಂದು ಬರೆದುಕೊಟ್ಟಿರಿ. ಅದೇ ಹಾಳೆಯ ಮೇಲ್ಭಾಗದಲ್ಲಿ, ಅದೇ ಪೆನ್ನಿನಲ್ಲಿ, ‘ಹಿಮದ ಸ್ಥಿತಿ: ಅತ್ಯುತ್ತಮ’. ಹುಡುಗಿ ಅಳಲಿಲ್ಲ, ಸೊಲ್ಲಾಪುರ ಬರುವವರೆಗೆ ರೈಲಿನಲ್ಲಿ ಆ ಹಾಳೆಯನ್ನು ಬಿಚ್ಚಿ ಓದುವುದು, ಮಡಿಸುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಆದಕಾರಣ ತಮ್ಮಲ್ಲಿ ವಿನಯಪೂರ್ವಕ ಅರಿಕೆ. ಆ ಹನ್ನೆರಡು ಮೀಟರ್ ಹಿಮವನ್ನು ಮೂವತ್ತನೆಯ ತಾರೀಖಿನೊಳಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿಕೊಟ್ಟರೆ ನಮ್ಮ ಹೊಲದ ಬದುವಿನ ಮೇಲೆ ಹಾಸಿ ಅವಳು ಬಾಕಿ ಪರೀಕ್ಷೆಯನ್ನು ಮುಗಿಸುತ್ತಾಳೆ. ಅದು ತೊಂದರೆಯೆನಿಸಿದರೆ ಮೃಗಶಿರ ಮಳೆ ಹಿಡಿದಾಗ ತಾವೇ ಚಿತ್ತೈಸಿ, ಹಲಗೆ ಕಟ್ಟಿಕೊಂಡು ನಮ್ಮ ಎರೆಹೊಲವನ್ನು ಹನ್ನೆರಡು ಮೀಟರ್ ದಾಟಿ ತೋರಿಸಿರಿ. ಪಂಚಾಯಿತಿಯ ಮೊಹರು ಹಾಕಿಸಿ ಪ್ರಮಾಣಪತ್ರ ಕೊಡಿಸುವ ಹೊಣೆ ನನ್ನದು. ಅದೂ ಆಗದಿದ್ದರೆ ಹಾಳೆಯನ್ನಾದರೂ ಇನ್ನೊಮ್ಮೆ ಓದಿರಿ. ಹಿಮ ಅತ್ಯುತ್ತಮವಾಗಿತ್ತೆಂದರೆ ಅವಳು ಐವತ್ತು ಮೀಟರನ್ನೂ ಅದರ ಮೇಲೆಯೇ ದಾಟಿದ್ದಾಳೆ, ಹಿಮವಿರಲಿಲ್ಲವೆಂದರೆ ತಾವು ನಡೆಸಿದ್ದು ಪರೀಕ್ಷೆಯೇ ಅಲ್ಲ. ಎರಡರಲ್ಲಿ ಯಾವುದು ನಿಜವೆಂಬ ಆಯ್ಕೆಯನ್ನು ತಮ್ಮ ದೊಡ್ಡ ಮನಸ್ಸಿಗೇ ಬಿಟ್ಟಿದ್ದೇನೆ.

ತಮ್ಮ ಉತ್ತರವನ್ನೂ ಮೂವತ್ತನೆಯ ತಾರೀಖನ್ನೂ ಒಟ್ಟೊಟ್ಟಿಗೆ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಮಾಳಿಂಗರಾಯ
ಯಂಕಂಚಿ

ಆಮೇಲಿನ ಮಾತು: ಇಷ್ಟು ಬರೆದು ಲಕೋಟೆ ಹುಡುಕುತ್ತಿದ್ದಾಗ ತಮ್ಮದೇ ಫೋನು ಬಂತು. ಮುಂದಿನ ಹಂಗಾಮಿಗೆ ಇಡೀ ಇಳಿಜಾರಿಗೆ ಹೊದಿಸಲು ಇನ್ನೂರು ಕರಿಕಂಬಳಿ ಬೇಕೆಂದು, ನನ್ನ ದನಿಯೆಂದು ತಿಳಿದು, ತಾವು ಕೇಳಿದ್ದು ಫೋನೆತ್ತಿದ ತಿಪ್ಪವ್ವನನ್ನು. ಅವಳು ಕೊಟ್ಟ ಉತ್ತರ ಮುಗಿಯುವ ಮೊದಲೇ ಲೈನು ಕಟ್ಟಾದ್ದರಿಂದ ಅದನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ: “ಕೊಡ್ತೇವ್ರಿ, ಯಾಕ ಕೊಡೂದಿಲ್ಲ. ಮದ್ಲ ನಮ್ಮ ಹುಡಿಗಿ ಪಾಸಾದ ಕಾಗದ ಬರ್ಲಿ. ಒಂದ ಕಂಬಳಿ ನೇಯಾಕ ಎಂಟ ದಿನ ಹಿಡೀತೈತ್ರಿ, ನಿಮ್ಮ ಒಂದ ಸಹಿಗಿ ಎಷ್ಟ ದಿನ ಬೇಕು?”