ಅಸಲು ಕೇಳಿದ ದೊಡ್ಡಪ್ಪ

ದೇವರನ್ನು ನಂಬದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ದೇವರನ್ನು ನಂಬಿ, ಆತನ ಗುಮಾಸ್ತರನ್ನು ಮಾತ್ರ ನಂಬದ ಮನುಷ್ಯನನ್ನು ನೋಡಿದ್ದೀರಾ? ಅವರೇ ನಮ್ಮ ದೊಡ್ಡಪ್ಪ!

ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ನಕಲು ಗುಮಾಸ್ತರಾಗಿದ್ದವರು. ಹಳೆಯ ಕ್ರಯಪತ್ರ ನೋಡಿ ನಕಲು ಬರೆಯುವುದು, ಗಟ್ಟಿಯಾಗಿ ಓದಿ ತಾಳೆ ನೋಡುವುದು, ಕೊನೆಗೆ 'ಅಸಲಿಗೆ ತಾಳೆ ನೋಡಿದೆ, ಸರಿ ಇದೆ' ಎಂದು ಸಹಿ ಹಾಕುವುದು. ಅಸಲು ಕಾಣದೆ ಆ ಸಾಲು ಬರೆದವರೇ ಅಲ್ಲ. ಕೆಲಸ ಐದು ಗಂಟೆಗೆ ಮುಗಿಯುತ್ತಿತ್ತು, ಚಾಳಿ ಎಲ್ಲಿ ಮುಗಿಯುತ್ತೆ? ನಾನು ಹುಟ್ಟಿದ ಸುದ್ದಿ ಹೊತ್ತು ಅಪ್ಪ ಕೃಷ್ಣಮೂರ್ತಿಪುರಂನ ಅವರ ಮನೆಗೆ ಓಡಿದರೆ, "ಮಗು ಎಲ್ಲಿ?" ಅಂದರಂತೆ. ಸೈಕಲ್ ಏರಿ ಆಸ್ಪತ್ರೆಗೆ ಬಂದು, ನನ್ನ ಮುಖ ಕಣ್ಣಾರೆ ನೋಡಿದ ಮೇಲೇ ಜೇಬಿನಿಂದ ಕಲ್ಲುಸಕ್ಕರೆ ತೆಗೆದದ್ದು!

ಇಂಥವರು ಬುಧವಾರದ ಬೈಬಲ್ ಕ್ಲಾಸಿಗೆ ಬಂದು ಕೂತರೆ ಅಯ್ಯನವರ ಗತಿ ಏನು ಹೇಳಿ! (ನಾವು ಪಾದ್ರಿಗಳನ್ನು ಅಯ್ಯನವರು ಅನ್ನುತ್ತೇವೆ.) ಒಂದು ದಿನ ಅಯ್ಯನವರು, ದೇವರೇ ಪ್ರೇರಣೆ ಕೊಟ್ಟು ಮನುಷ್ಯರ ಕೈಯಲ್ಲಿ ಸತ್ಯವೇದ ಬರೆಸಿದ ಎಂದು ಕಣ್ಣು ಮುಚ್ಚಿ ವಿವರಿಸುತ್ತಿದ್ದರು. ದೊಡ್ಡಪ್ಪ ಎದ್ದರು.

"ಮೋಶೆ ಬರೆದ ಅಸಲು ಎಲ್ಲಿದೆ ಅಯ್ಯನವರೇ?"

"ಉಳಿದಿಲ್ಲ."

"ಪೌಲನ ಕಾಗದಗಳು?"

"ಅವೂ ಇಲ್ಲ. ಇರೋದೆಲ್ಲ ನಕಲಿನ ನಕಲು."

"ಹೋಗಲಿ, ಸುವಾರ್ತೆಗಳು? ಯೇಸುಸ್ವಾಮಿ ಹೋದ ಎಷ್ಟು ವರ್ಷಕ್ಕೆ ಬರೆದರು?"

"ಮೂವತ್ತೋ ನಲವತ್ತೋ. ಅಲ್ಲೀತನಕ ಬಾಯಿಂದ ಬಾಯಿಗೆ ಬಂದದ್ದು."

"ಅದಕ್ಕೇ ನಾಲ್ಕು ಜನ ನಾಲ್ಕು ಥರ ಹೇಳ್ತಾರೆ! ನಾನೂ ನಕಲು ಬರೆದವನು ಕಣ್ರೀ. ಊಟ ಆದಮೇಲೆ ಎಷ್ಟು ಸಾಲು ನುಂಗ್ತೀವಿ ಅಂತ ನನಗೆ ಗೊತ್ತು. ಅರ್ಧ ಎಕರೆ ಹೊಲಕ್ಕೆ ನಾವು ಇದಕ್ಕಿಂತ ಭದ್ರವಾದ ದಾಖಲೆ ಕೇಳ್ತೀವಿ. ನೀವು ಪರಲೋಕಾನೇ ಬರೆದುಕೊಡ್ತಾ ಇದೀರಲ್ಲ!"

ಮನೆಗೆ ಬಂದ ಮೇಲೆ ನಾನು, ಹಾಗಾದರೆ ದಿನಾ ಬೆಳಿಗ್ಗೆ ಯಾಕೆ ಬೈಬಲ್ ಓದುತ್ತೀರಿ ಎಂದು ಕೇಳಿದೆ. "ಯಾವತ್ತಾದರೂ ಅಸಲು ಸಿಕ್ಕರೆ ತಾಳೆ ನೋಡೋಕೆ ನಕಲು ಬಾಯಿಗೆ ಬರಬೇಕಲ್ಲಯ್ಯ!" ಅಂದರು. ಒಳಗಿನಿಂದ ದೊಡ್ಡಮ್ಮ, "ದೇವರನ್ನ ಅಸಲು ಕೇಳ್ತಾರೆ. ಅವರ ಕನ್ನಡಕ ಎಲ್ಲಿ ಅಂತ ನನ್ನ ಕೇಳ್ತಾರೆ!" ಅಂದರು.

ಈ ಚಾಳಿಯನ್ನು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡುತ್ತಿದ್ದವನು ಅವರ ಒಬ್ಬನೇ ಮಗ, ನನ್ನ ಓರಗೆಯವನು. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಮನೆಗೆ ಬರೆದ ಪ್ರತಿ ಕಾಗದದ ಕೊನೆಗೂ 'ಅಸಲಿಗೆ ತಾಳೆ ನೋಡಿದೆ, ಸರಿ ಇದೆ' ಎಂದು ಸಹಿ ಹಾಕುತ್ತಿದ್ದ ಪೋಕರಿ!

ಚೀನಾದವರ ಜೊತೆ ಯುದ್ಧವಾದ ವರ್ಷ ತಂತಿ ಬಂತು. ಕಾಣೆಯಾಗಿದ್ದಾನೆ, ತೀರಿಕೊಂಡಿರಬೇಕು ಎಂದಿತ್ತು. ದೊಡ್ಡಪ್ಪ ಅದನ್ನು ಎರಡು ಸಲ ಓದಿ, ಮಡಿಸಿ, "ಇದು ನಕಲು. ಅಸಲು ಬರಲಿ" ಅಂದರು. ಅವತ್ತು ನಾವು ಯಾರೂ ನಗಲಿಲ್ಲ.

ಅಸಲು ಅಂದರೆ ಏನು? ದೇಹವೇ? ಕೇಳುವ ಧೈರ್ಯ ಯಾರಿಗಿತ್ತು! ಹಳೆಯ ಒಡಂಬಡಿಕೆಗೂ ಹೊಸದಕ್ಕೂ ನಡುವೆ ನಮ್ಮ ಮನೆಗಳ ಬೈಬಲಿನಲ್ಲಿ ಖಾಲಿ ಹಾಳೆಗಳಿರುತ್ತವೆ. ಹುಟ್ಟು, ಮದುವೆ, ಸಾವು ಬರೆಯುವುದು ಅಲ್ಲೇ. ಮಗನ ಹುಟ್ಟಿನ ಮುಂದೆ ದೊಡ್ಡಪ್ಪ ಏನೂ ಬರೆಯಲಿಲ್ಲ. ದೇವಾಲಯದಲ್ಲಿ ಮಗನ ನೆನಪಿನ ಪ್ರಾರ್ಥನೆ ಮಾಡಿಸೋಣ ಎಂದು ಅಯ್ಯನವರು ಬಂದರೆ ಬಾಗಿಲಿನಿಂದಲೇ ಕಳಿಸಿದರು. ದೊಡ್ಡಮ್ಮ ಸೆರಗು ಕಣ್ಣಿಗೆ ಒತ್ತಿದರೆ, "ಯಾಕೆ ಅಳ್ತೀಯ? ಏನಾಗಿದೆ ಈಗ?" ಎಂದು ಗದರುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿ ಗಂಡನ ಸಹಿ ಬೀಳುವ ತನಕ ಅಳುವ ಹಾಗಿಲ್ಲ! ಒಂದು ವರ್ಷ ಹೀಗೇ ಆ ಮನೆಯಲ್ಲಿ ಬದುಕಿದರು. ನನಗೆ ದೊಡ್ಡಪ್ಪನ ಮೇಲೆ ಬಂದಷ್ಟು ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ.

ಆಮೇಲೆ ಒಂದು ಭಾನುವಾರ ಕಡಕೊಳದ ಒಬ್ಬ ಸಿಪಾಯಿ ಕುಂಟಿಕೊಂಡು ಬಂದ. ಹಿಮ ಅವನ ಕಾಲ್ಬೆರಳುಗಳನ್ನು ತಿಂದಿತ್ತು.

"ನಾನು ಕಣ್ಣಾರೆ ಕಂಡಿಲ್ಲ ಸ್ವಾಮಿ. ನಿಮ್ಮ ಮಗನ ಲಾರೀಲಿದ್ದೋನು ಆಸ್ಪತ್ರೇಲಿ ನನ್ನ ಪಕ್ಕದ ಮಂಚದಲ್ಲಿದ್ದ. ಅವನು ಏಳ್ದ. ಅವನೂ ಓಗ್ಬುಟ್ಟ."

"ಏನು ಹೇಳಿದ?"

"ನಿಮ್ಮ ಮಗ ಪ್ರಾಣ ಬುಡೋ ಮುಂದೆ, 'ಅಪ್ಪ ಅಸಲು ಕೇಳ್ತಾರೆ. ಅವರ ಸಹಿಗೆ ಕಾಯಬೇಡ, ಅತ್ಬುಡು ಅಂತ ಅಮ್ಮಂಗೆ ಏಳು' ಅಂದ್ನಂತೆ. ಅದೇನು ಅಸಲೋ ನಂಗೊತ್ತಿಲ್ಲ ಸ್ವಾಮಿ."

ಕಂಡವನಿಲ್ಲ, ಕಾಗದವಿಲ್ಲ, ಬಾಯಿಂದ ಬಾಯಿಗೆ ಬಂದ ಮಾತು. ದೊಡ್ಡಪ್ಪ ಬೈಬಲ್ ತಂದು ಆ ಖಾಲಿ ಹಾಳೆ ತೆರೆದರು. "ಇನ್ನೊಂದು ಸಲ ಹೇಳಪ್ಪ" ಅಂದರು. ಮೂರು ಸಲ ಹೇಳಿಸಿದರು. ಮೂರು ಸಲವೂ ಮಾತು ಒಂದಿಷ್ಟು ಬೇರೆಯಾಯಿತು. ಒಂದರಲ್ಲಿ 'ಕಾಯಬೇಡ' ಇರಲಿಲ್ಲ, ಇನ್ನೊಂದರಲ್ಲಿ ಹಿಮ ಬೀಳುತ್ತಿತ್ತು. ಈಗ ಸಿಡುಕುತ್ತಾರೆ ಎಂದು ನಾನು ಕಾದೆ. ಅವರು ಮೂರನ್ನೂ ಒಂದರ ಕೆಳಗೊಂದು, ಕಚೇರಿಯ ದುಂಡು ಅಕ್ಷರದಲ್ಲಿ ಬರೆದುಕೊಂಡರು. ಒಂದು ಮಾತನ್ನೂ ತಿದ್ದಲಿಲ್ಲ.

ಗಟ್ಟಿಯಾಗಿ ಓದತೊಡಗಿದರು. ಮೂರನೆಯದಕ್ಕೆ ಬಂದರು. ಅದನ್ನು ಅರ್ಧಕ್ಕೇ ನಿಲ್ಲಿಸಿ, ಕೆಳಗೆ ಬರೆದರು: 'ಅಸಲಿಗೆ ತಾಳೆ ನೋಡಿದೆ, ಸರಿ ಇದೆ.' ಸಹಿ ಹಾಕಿದರು. ಆಮೇಲೆ ಪುಸ್ತಕವನ್ನು ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮನ ಕೈಗಿಟ್ಟು, ಅವರ ಕಾಲ ಬಳಿ ನೆಲದ ಮೇಲೆ ಕುಸಿದರು.

"ಅಳು ಕಣೇ" ಅಂದರು. "ಇಬ್ಬರೂ ಅಳೋಣ."