ಬೆಕ್ಕು ಮೆಚ್ಚಿದ ಚಾಪೆ

ಫಿಲೆಮೋನಿಯ ಮನೆಗೆ ಗೋಡೆಗಳಿರಲಿಲ್ಲ. ಸವಾಯಿ ದ್ವೀಪದ ನಮ್ಮೂರಲ್ಲಿ ಹಳೆಯ ಮನೆಗಳೆಲ್ಲ ಹಾಗೆಯೇ. ಸುತ್ತ ಕಂಬ, ಮೇಲೆ ಸೂರು, ಯಾವ ಕಡೆ ಇಳಿದರೂ ಮರಳು. ಇಷ್ಟೆಲ್ಲ ಅನುಕೂಲವಿದ್ದರೂ ಅವನ ಬೆಕ್ಕು ದಿನವಿಡೀ ಹೊರಗೆ ಸುತ್ತಾಡಿ, ಹೊತ್ತಿಗೆ ಸರಿಯಾಗಿ ಒಳಗೆ ಬಂದು, ಮೂಲೆಯ ಕಂಬದ ಬುಡದಲ್ಲಿ ಕೂತು, ಜಲಬಾಧೆ ಮುಗಿಸಿಕೊಂಡು ಮತ್ತೆ ಹೊರಗೆ ಹೋಗುತ್ತಿತ್ತು.

ಊರೆಲ್ಲ ಸಲಹೆ ಕೊಟ್ಟಿತ್ತು. ಗೋಡೆಯಿಲ್ಲದ ಮನೆಗೆ ಸಲಹೆ ಬರಲು ಬಾಗಿಲೂ ಬೇಕಿಲ್ಲ. ಬೆಕ್ಕಿನ ಮೂಗನ್ನು ನೆಲಕ್ಕೆ ಉಜ್ಜು ಅಂದರು ಒಬ್ಬರು. ಉಜ್ಜಲು ಹೋಗಿ ಫಿಲೆಮೋನಿಯ ಮೂಗಿಗೇ ಗೀರು ಬಿತ್ತು. ಪ್ರಾರ್ಥನೆ ಮಾಡು ಅಂದರು ಪಾದ್ರಿಗಳು. ಕೊನೆಗೆ ಅಂದು ಬೆಳಿಗ್ಗೆ ಪಕ್ಕದ ಮನೆಯ ಮೆಲೆ ಅಜ್ಜಿ ಹೇಳಿದಂತೆ ಮೂಲೆಯ ತುಂಬ ನಿಂಬೆಸಿಪ್ಪೆ ಹರಡಿದ. ಅಜ್ಜಿಯ ಮನೆಯಲ್ಲೂ ಒಂದು ಬೆಕ್ಕಿದ್ದುದರಿಂದ ಅನುಭವದ ಮಾತಿರಬೇಕು ಅಂದುಕೊಂಡ.

ಉಪಾಯ ಫಲಿಸಿತು. ಬೆಕ್ಕು ಮೂಲೆಗೆ ಬಂದು ಮೂಸಿತು, ಮುಖ ಸಿಂಡರಿಸಿತು, ತಿರುಗಿ ಮಂಚ ಹತ್ತಿತು. ಮಂಚದ ಮೇಲೆ ನಯದ ಚಾಪೆಯಿತ್ತು.

ಅದು ಮಲಗುವ ಚಾಪೆಯಲ್ಲ. ಫಿಲೆಮೋನಿಯ ಅತ್ತೆ ವರ್ಷಗಟ್ಟಲೆ ಕೂತು, ಬಟ್ಟೆಯಷ್ಟು ನಯವಾಗಿ ಹೆಣೆದು, ಅಂಚಿಗೆ ಕೆಂಪು ಗರಿ ಕಟ್ಟಿದ್ದು. ಅಂಥದ್ದನ್ನು ಮದುವೆಗೆ ಕೊಡುತ್ತೇವೆ, ಸಾವಿಗೆ ಕೊಡುತ್ತೇವೆ. ಅಂದು ಮಧ್ಯಾಹ್ನ ಊರಿನ ಹಿರಿಯ ಯಜಮಾನರ ಮಣ್ಣು. ಹೆಂಡತಿ ಫುವಾತಿನೋ ಬೆಳಗಿನಿಂದ ಸಾವಿನ ಮನೆಯ ಅಡುಗೆಯಲ್ಲಿದ್ದಳು. ಹೋಗುವಾಗ ಗಂಡನಿಗೆ ಹೇಳಿದ್ದು ಒಂದೇ ಕೆಲಸ, ಚಾಪೆ ತರುವುದು. ಮನೆಯಲ್ಲಿದ್ದದ್ದು ಅದೊಂದೇ ಚಾಪೆ. ಊರೆಲ್ಲ ನೋಡುವಾಗ ಅದನ್ನು ಬಿಚ್ಚಿ ಹಿಡಿದು ನಡೆಯಬೇಕಾದವಳು ಅವಳು.

ಫಿಲೆಮೋನಿ ಚಾಪೆ ಮೂಸಿದ. ಕಣ್ಣಲ್ಲಿ ನೀರು ಬಂತು. ದುಃಖಕ್ಕೋ ಘಾಟಿಗೋ ಅವನಿಗೇ ತಿಳಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ, ನಾತ ಹರಡಿತು. ಬಿಸಿಲಿಗೆ ಹಾಕಿದ, ನಾತ ಹಣ್ಣಾಯಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ಇಲ್ಲೂ ಯಾರಾದರೂ ಹೋದರೇ ಎಂದು ವಿಚಾರಿಸಿದರು.

ಮೆಲೆ ಅಜ್ಜಿ ಬಂದು ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ನೀರು ಮುಟ್ಟಿಸ್ಬಾರ್ದಿತ್ತು ಕಣೋ. ಹೂವಿನೆಣ್ಣೆ ಬಳಿ, ತಗೊಂಡ್ಹೋಗಿ ಕೊಟ್ಬಿಡು. ಕೊಟ್ಮೇಲೆ ಚಾಪೇನೂ ನಿಂದಲ್ಲ, ವಾಸನೇನೂ ನಿಂದಲ್ಲ."

"ಯಾರಾದ್ರೂ ಮೂಸಿ ನೋಡಿದ್ರೆ ಅಜ್ಜಿ?"

"ಸಾವಿನ ಮನೇಲಿ ಅಳ್ತಾರೋ, ಚಾಪೆ ಮೂಸ್ತಾರೋ?"

ಅವಳೇ ಎಣ್ಣೆಯ ಬಾಟಲಿ ತಂದುಕೊಟ್ಟಳು. ಹಿಂದಿನ ವಾರವಷ್ಟೇ ಕಾಸಿದ ಎಣ್ಣೆ, ಆಗಲೇ ತಳ ಕಂಡಿತ್ತು. ಯಾಕೆಂದು ಕೇಳುವ ಸ್ಥಿತಿಯಲ್ಲಿ ಫಿಲೆಮೋನಿ ಇರಲಿಲ್ಲ.

ಸಾವಿನ ಮನೆಯಲ್ಲಿ ಫುವಾತಿನೋ ಚಾಪೆ ತೆಗೆದುಕೊಂಡು, ಇದೇನು ಇಷ್ಟು ಪರಿಮಳ ಎಂದು ಕೇಳಿದಳು. ಅವಳ ಅಮ್ಮನ ನೆನಪಿಗೆ ಸ್ವಲ್ಪ ಎಣ್ಣೆ ಹಚ್ಚಿದೆ ಅಂದುಬಿಟ್ಟ. ಅವಳು ಗಂಡನನ್ನು ಮದುವೆಯ ದಿನ ನೋಡಿದ ಹಾಗೆ ನೋಡಿದಳು. ಫಿಲೆಮೋನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅವಳು ಚಾಪೆ ಬಿಚ್ಚಿ ಹಿಡಿದು ತಲೆಯೆತ್ತಿ ನಡೆದಳು. ಹೆಂಗಸರು ಹೊಗಳಿದರು. ಆ ಮನೆಯ ಪರವಾಗಿ ಮಾತಾಡುವ ಹಿರಿಯರು ಬಗ್ಗಿ ಚಾಪೆ ಮುಟ್ಟಿ, ಕಣ್ಣೊರೆಸಿಕೊಂಡು, ಎರಡು ಸಲ ಸೀನಿದರು. ಎಷ್ಟು ಹಚ್ಚಿಕೊಂಡಿದ್ದರಪ್ಪ ಯಜಮಾನರನ್ನು ಎಂದು ಜನ ಮರುಗಿದರು. ಚಾಪೆ ರಾಶಿಗೆ ಸೇರಿತು. ಫಿಲೆಮೋನಿ ಆಗ ಮೊದಲ ತುತ್ತು ಹಂದಿಮಾಂಸ ಬಾಯಿಗಿಟ್ಟ.

ಆದರೆ ಬಂದವರನ್ನು ಬರಿಗೈಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಮಣ್ಣಾದ ಮೇಲೆ ಅದೇ ರಾಶಿಯಿಂದ ಚಾಪೆಗಳನ್ನು ತೆಗೆದು ಹಂಚುತ್ತಾರೆ. ತನ್ನದು ತನಗೇ ವಾಪಸಾದರೆ? ಎತ್ತಿದ ತುತ್ತನ್ನು ಮತ್ತೆ ಎಲೆಗಿಟ್ಟ. ಅವನ ಚಾಪೆಯನ್ನು ಎತ್ತಿದರು, ಪಕ್ಕದೂರಿನ ನೆಂಟರಿಗೆ ಕೊಟ್ಟರು. ಆ ನೆಂಟರ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ನೋಡುತ್ತ ನಿಂತ. ಬೆಕ್ಕಿನ ಮೇಲೂ ಪ್ರೀತಿ ಬಂತು.

ಆಮೇಲೆ ಫುವಾತಿನೋಳ ಹೆಸರು ಕರೆದರು. ಅವಳಿಗೆ ಬಂದದ್ದು ಕೊಟ್ಟದ್ದಕ್ಕಿಂತ ದೊಡ್ಡ ಚಾಪೆ. ಅಂಚಿನ ತುಂಬ ಗರಿ, ಗಮ್ಮೆನ್ನುವ ಪರಿಮಳ. ಇದು ಮಗಳ ಮದುವೆಗೆ, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ ಎಂದು ಅವಳು ಎಲ್ಲರೆದುರು ಸಾರಿ, ದಾರಿಯುದ್ದಕ್ಕೂ ಅಪ್ಪಿಕೊಂಡು ಬಂದಳು.

ಮನೆಯಲ್ಲಿ ಅದನ್ನು ಮಂಚದ ಮೇಲೆ ಹಾಸಿ ಸ್ನಾನಕ್ಕೆ ಹೋದಳು. ಬೆಕ್ಕು ಬಂತು. ಚಾಪೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ, ಮನೆ ಕೊಳ್ಳಲು ಬಂದವರಂತೆ, ಮೂಸುತ್ತ ಹೋಗಿ ನಡುವೆ ನಿಂತಿತು. ಬಾಲ ಎತ್ತಿತು. ಫಿಲೆಮೋನಿ ಹಾರಿ ಅದನ್ನು ಹಿಡಿಯುವಷ್ಟರಲ್ಲಿ ಮುಗಿಸಿತ್ತು.

ಅವನು ಮೊಣಕಾಲೂರಿ ಮೂಸಿದ. ಹೊಸದರ ಪಕ್ಕದಲ್ಲಿ, ಎಣ್ಣೆಯ ಅಡಿಯಲ್ಲಿ, ಇನ್ನೊಂದು ನಾತವಿತ್ತು. ಹಳೆಯದು, ಮಾಗಿದ್ದು. ತನ್ನ ಬೆಕ್ಕಿನದಲ್ಲವೇ ಅಲ್ಲ. ಆ ವಿಷಯದಲ್ಲಿ ಅಂದು ಅವನಷ್ಟು ತಿಳಿದವರು ಊರಲ್ಲಿರಲಿಲ್ಲ.

ಚಾಪೆ ಸುತ್ತಿಕೊಂಡು ಪಕ್ಕದ ಮನೆಗೆ ಓಡಿದ. "ಅಜ್ಜಿ, ಸ್ವಲ್ಪ ಎಣ್ಣೆ."

ಮೆಲೆ ಅಜ್ಜಿ ಅವನ ಮುಖ ನೋಡಲಿಲ್ಲ. ಚಾಪೆಯ ಅಂಚು ಬಿಡಿಸಿ, ಗರಿಗಳನ್ನು ತನ್ನ ಬೆರಳಿಂದ ಮೆಲ್ಲಗೆ ಸವರಿದಳು.

"ಅಷ್ಟು ದೊಡ್ಡ ರಾಶೀಲಿ, ಇದು ನಿಂಗೇ ಬರ್ಬೇಕಾ?" ಅಂದಳು. "ಎಣ್ಣೆ ಎಲ್ಲಿಂದ ತರ್ಲೋ. ಬೆಳಿಗ್ಗೆ ಇದಕ್ಕೇ ಮುಕ್ಕಾಲು ಬಾಟ್ಲಿ ಸುರ್ದಿದೀನಿ."